ಪರಿಚಿತ ದನಿ

ಕೆಲಸಕ್ಕೆ ಕೂರುವ ಮೊದಲು ಮೌನಿ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ದೇವರೇ, ಕೇಳಿದ್ದು ಕಿವಿಯಲ್ಲೇ ಉಳಿಯಲಿ, ನಾಲಿಗೆಗೆ ಇಳಿಯದಿರಲಿ. ಅಷ್ಟೇ ಅವಳ ಪ್ರಾರ್ಥನೆ.

"ಆಯ್ತೇನೇ ಧ್ಯಾನ?" ಎಂದು ಪಕ್ಕದ ಕುರ್ಚಿಯವಳು ದಿನವೂ ಕೇಳುತ್ತಿದ್ದಳು. "ಇನ್ನು ವರ ಸಿಗುತ್ತೆ ನೋಡು. ಯಾರದೋ ಮನೆಯ ಗಂಡ ಹೆಂಡಿರ ಜಗಳ."

ಆ ಪಕ್ಕದವಳಿಗೆ ಕಚೇರಿಯಲ್ಲಿ ರೇಡಿಯೊ ಎಂದೇ ಹೆಸರು. ಅವಳು ಬಾಯಿ ಮುಚ್ಚಿ ಕೂತದ್ದನ್ನು ಕಂಡವರಿರಲಿಲ್ಲ. ಇವಳಿಗೆ ಮೌನಿ ಎಂದು ಹೆಸರಿಟ್ಟವಳೂ ಅವಳೇ. ಮೊದಮೊದಲು ಹಾಸ್ಯಕ್ಕೆ ಕರೆದದ್ದು, ಆಮೇಲೆ ಹಾಜರಿ ಕರೆಯುವವರೂ ಹಾಗೇ ಕರೆಯತೊಡಗಿದರು.

ಮಂಚ, ಸೋಫಾ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಸಾಲಾಗಿ ಮೇಜು, ಮೇಜಿಗೊಂದು ಪರದೆ. ಕೆಳಗಿನ ಅಂಗಡಿಯಲ್ಲಿ ಯಾರಾದರೂ ಮಂಚ ಎಳೆದರೆ ಇಲ್ಲಿ ನೆಲ ಗುಯ್ಗುಡುತ್ತಿತ್ತು. ಮನೆಮನೆಯ ಕಪಾಟಿನ ಮೇಲೆ ಕೂರುವ ಮಾತಿನ ಡಬ್ಬಿಯನ್ನು ಅವರ ಕಂಪನಿ ಮಾರುತ್ತಿತ್ತು. ಹಾಡು ಹಾಕು ಎಂದರೆ ಡಬ್ಬಿ ಹಾಡು ಹಾಕುತ್ತದೆ, ನಾಳೆ ಮಳೆಯೇ ಎಂದರೆ ಹೇಳುತ್ತದೆ. ಜನ ಆಡಿದ್ದನ್ನು ಯಂತ್ರ ಅಕ್ಷರಕ್ಕೆ ಇಳಿಸುತ್ತದೆ. ಯಂತ್ರ ಸರಿಯಾಗಿ ಇಳಿಸಿದೆಯೇ ಎಂದು ಕೇಳಿ ನೋಡುವುದು ಈ ಮಹಡಿಯವರ ಕೆಲಸ. ದನಿ ತುಣುಕು ತುಣುಕಾಗಿ ಬರುತ್ತಿತ್ತು. ಯಾರದು, ಯಾವ ಮನೆಯದು ಎಂಬುದು ಇರುತ್ತಿರಲಿಲ್ಲ. ಪರದೆಯ ಕೆಳಗೆ ನಾಲ್ಕು ಗುಂಡಿ: ಸರಿ, ತಿದ್ದಬೇಕು, ಕೇಳಿಸುವುದಿಲ್ಲ, ಪರಿಚಿತ ದನಿ.

ಕೇಳುವುದು ಮೌನಿಗೆ ಅಜ್ಜನಿಂದ ಬಂದದ್ದು. ದೀಪ ಹಚ್ಚುವ ಹೊತ್ತಿಗೆ ಅಜ್ಜ ಪದ್ಯ ಹೇಳುತ್ತಿದ್ದರು, ಇವಳು ಗೋಡೆಗೆ ಒರಗಿ ಕೇಳುತ್ತಿದ್ದಳು. ಅರ್ಥ ಆಗುವ ವಯಸ್ಸಲ್ಲ. ಆದರೂ ಎಲ್ಲಾದರೂ ಒಂದು ಅಕ್ಷರ ಜಾರಿದರೆ ತಲೆ ಎತ್ತುತ್ತಿದ್ದಳು. ಅಜ್ಜ ನಕ್ಕು, ಹಿಂದಕ್ಕೆ ಹೋಗಿ, ಆ ಸಾಲನ್ನು ಮತ್ತೆ ಹಿಡಿಯುತ್ತಿದ್ದರು. ಬಾಯಿ ಬಿಟ್ಟು ಹೇಳುವವನ ಮಾನ ಕೇಳುವವರ ಕೈಯಲ್ಲಿರುತ್ತೆ ಮಗಾ, ಎಂದು ಅವರು ಒಮ್ಮೆ ಅಂದದ್ದು ಅವಳ ಮನಸ್ಸಿನಲ್ಲಿ ನಿಂತಿತ್ತು. ಹಾಗಾಗಿ ಅವಳು ಯಾವ ತುಣುಕನ್ನೂ ಅರ್ಧ ಕೇಳಿ ಬಿಡುತ್ತಿರಲಿಲ್ಲ. ಬಚ್ಚಲ ನೀರಿನ ಸದ್ದು, ಮಗುವಿನ ಅಳು, ಒಗ್ಗರಣೆಯ ಚಟಪಟ, ಇವುಗಳ ಹಿಂದೆ ಹುದುಗಿದ ಮಾತನ್ನೂ ಹೆಕ್ಕಿ ಬರೆಯುತ್ತಿದ್ದಳು. 'ಕೇಳಿಸುವುದಿಲ್ಲ' ಎಂಬ ಗುಂಡಿ ಅವಳ ಪರದೆಯಲ್ಲಿ ಇದ್ದೂ ಇಲ್ಲದಂತಿತ್ತು.

ರೇಡಿಯೊ ಹಾಗಲ್ಲ. ಅವಳು ಆ ಗುಂಡಿಯನ್ನು ತನ್ನ ಸ್ವಂತ ಆಸ್ತಿಯೆನ್ನುವಂತೆ ಒತ್ತುತ್ತಿದ್ದಳು. ಮೇಲ್ವಿಚಾರಕಿ ಮೇಡಂ ಬಂದು, "ಏನಮ್ಮ, ನಿಮ್ಮ ಕಿವಿ ತೋರಿಸಿಕೊಂಡು ಬರ್ತೀರಾ ಹೇಗೆ?" ಎಂದು ಎಲ್ಲರೆದುರು ಚುಚ್ಚಿದರೂ ಅವಳಿಗೆ ನಾಟುತ್ತಿರಲಿಲ್ಲ. "ತೋರಿಸ್ದೆ ಮೇಡಂ. ಕಿವಿ ಚೆನ್ನಾಗಿದೆಯಂತೆ, ಜನಾನೇ ಬಾಯೊಳಗೆ ಬಟ್ಟೆ ತುರುಕಿಕೊಂಡು ಮಾತಾಡ್ತಾರಂತೆ."

ಮೌನಿ ಅದನ್ನು ಸೋಮಾರಿತನ ಎಂದುಕೊಂಡಿದ್ದಳು.

ಕೊನೆಯ ಗುಂಡಿಯ ಬಗ್ಗೆ ಸೇರುವಾಗಲೇ ಪಾಠ ಮಾಡಿದ್ದರು. ನಿಮಗೆ ಗೊತ್ತಿರುವವರ ದನಿ ಬಂದರೆ ಮುಂದೆ ಕೇಳಬೇಡಿ, ಇದನ್ನು ಒತ್ತಿ, ತುಣುಕು ಬೇರೆಯವರಿಗೆ ಹೋಗುತ್ತದೆ, ಅವರ ಗುಟ್ಟು ಅವರಿಗೇ ಉಳಿಯುತ್ತದೆ. ಇಂಥ ಒಂದು ನಿಯಮ ಇಟ್ಟ ಕಂಪನಿಯ ಮೇಲೆ ಅವತ್ತೇ ಮೌನಿಗೆ ನಂಬಿಕೆ ಹುಟ್ಟಿತ್ತು. ಆ ನಂಬಿಕೆಯಲ್ಲೇ ನೌಕರರಿಗೆ ರಿಯಾಯಿತಿಯಲ್ಲಿ ಸಿಗುವ ಒಂದು ಡಬ್ಬಿ ತಂದು ಅತ್ತಿಗೆಗೆ ಕೊಟ್ಟಿದ್ದಳು. ಅಣ್ಣ ಬಸ್ ಚಾಲಕ, ಹೊತ್ತಲ್ಲದ ಹೊತ್ತಿಗೆ ಮನೆಗೆ ಬರುವವನು. ಒಬ್ಬಳೇ ಇರುವ ಅತ್ತಿಗೆಗೆ ಹಾಡಿನ ಜೊತೆ ಸಿಗಲಿ ಎಂದು. ಅತ್ತಿಗೆ ಅದನ್ನು ಫ್ರಿಜ್ಜಿನ ಪಕ್ಕದ ಕಪಾಟಿನ ಮೇಲಿಟ್ಟು, "ನಮ್ಮ ಸವತಿ" ಎಂದು ಕರೆಯುತ್ತಿದ್ದಳು. "ಹೇಳಿದ ಮಾತು ಕೇಳ್ತಾಳೆ, ಊಟ ಕೇಳಲ್ಲ. ಇಂಥ ಸವತಿ ಎಲ್ಲಿ ಸಿಗ್ತಾಳೆ?"

ಕರೆದಾಗ ಮಾತ್ರ ಡಬ್ಬಿಯ ಕಿವಿ ತೆರೆಯುತ್ತದೆ ಎಂದು ಕಂಪನಿ ಹೇಳಿತ್ತು. ಇತ್ತೀಚೆಗೆ ಮೌನಿಗೆ ಅದರ ಮೇಲೆ ಸಣ್ಣ ಅನುಮಾನ ಶುರುವಾಗಿತ್ತು. ಮೊದಲೆಲ್ಲ ಹಾಡು ಕೇಳುವವರು, ಡಬ್ಬಿಯನ್ನು ಬೈಯುವ ಮುದುಕರು, ಅದರಿಂದ ಮಗ್ಗಿ ಹೇಳಿಸಿಕೊಳ್ಳುವ ಮಕ್ಕಳು ಬರುತ್ತಿದ್ದರು. ಈಗ ಬರುವ ತುಣುಕುಗಳು ಉದ್ದವಾಗಿದ್ದವು. ಯಾರೂ ಡಬ್ಬಿಯನ್ನು ಕರೆದಿರುತ್ತಿರಲಿಲ್ಲ. ಅದೂ ಒಂದೇ ವಿಷಯ: ಡಿಪೊ, ಪಾಳಿ, ಕ್ಯಾಮೆರಾ.

ಆ ಕ್ಯಾಮೆರಾದ ಕಥೆ ಅವಳಿಗೆ ಗೊತ್ತಿತ್ತು. ಬಸ್ ಕಂಪನಿ ಚಾಲಕರ ಮುಖಕ್ಕೆ ಎದುರಾಗಿ ಒಂದೊಂದು ಕ್ಯಾಮೆರಾ ಕೂರಿಸಿತ್ತು. ಕಣ್ಣು ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿದರೆ ಕೀಕ್ ಎನ್ನುತ್ತದೆ, ಆಕಳಿಸಿದರೆ ಮೇಲಿನವರಿಗೆ ಸುದ್ದಿ ಹೋಗುತ್ತದೆ. "ನಿನ್ನ ಅತ್ತಿಗೆ ಕೂಡ ನನ್ನ ಮುಖಾನ ಇಷ್ಟು ಹೊತ್ತು ನೋಡಿಲ್ಲ" ಎಂದು ಅಣ್ಣ ನಗಾಡಿದ್ದ. ಆದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದವರಿಗೂ ನಿದ್ದೆ ಮಾಡಿದರೆಂದು ಪಾಳಿ ತಪ್ಪಿಸತೊಡಗಿದ ಮೇಲೆ ನಗು ನಿಂತಿತ್ತು. ಜೊತೆಗೆ ಸರಕಾರ ಹೊಸದೊಂದು ಆದೇಶ ತಂದಿತ್ತು. ಬಸ್ಸು ನಿಲ್ಲಿಸುವುದಿರಲಿ, ನಿಲ್ಲಿಸುವ ಮಾತಾಡಿದವರನ್ನೂ ಹಿಡಿಯಬಹುದು.

ಒಂದು ಮಧ್ಯಾಹ್ನ ಮೌನಿಯ ಕಿವಿಗೆ ಒಂದು ಅಡುಗೆಮನೆ ಬಂತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೋ ಸ್ಟೀಲಿನ ಲೋಟದ ಅಂಚಿಗೆ ಉಂಗುರದ ಬೆರಳಿಂದ ಟಿಣ್ ಟಿಣ್ ಎಂದು ಬಡಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ದನಿ: "ಸೋಮವಾರ ಬೆಳಿಗ್ಗೆ ಒಂದು ಬಸ್ಸೂ ಡಿಪೊ ಬಿಟ್ಟು ಹೊರಗೆ ಬರಬಾರದು. ಕ್ಯಾಮೆರಾ ಬಿಚ್ಚಿದ ಮೇಲೇನೇ ಕೀಲಿ ತಿರುಗಿಸೋದು."

ಟಿಣ್ ಎಂದಾಗಲೇ ಅವಳಿಗೆ ಗೊತ್ತಾಗಿತ್ತು. ಆ ಬೆರಳು ಚಿಕ್ಕಂದಿನಲ್ಲಿ ಅವಳ ತಲೆಗೆ ಮೊಟಕಿದ ಬೆರಳು. ಮುಂದಿನದು ಕೇಳಬಾರದು ಎಂದು ತಟ್ಟನೆ 'ಪರಿಚಿತ ದನಿ' ಒತ್ತಿದಳು. ಪರದೆಯ ಮೇಲೆ ಪುಟ್ಟ ಚೌಕ ತೆರೆಯಿತು. ಇವರು ನಿಮಗೆ ಏನಾಗಬೇಕು? ಕೆಳಗೆ ಕುಟುಂಬದವರು, ನೆರೆಯವರು, ಸ್ನೇಹಿತರು, ಇತರರು. ಉತ್ತರಿಸದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಕುಟುಂಬದವರು ಎಂದು ಒತ್ತಿದಳು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ ಎಂದು ಬರೆದು ಚೌಕ ಮುಚ್ಚಿಕೊಂಡಿತು. ಅಣ್ಣನ ಗುಟ್ಟು ಅಣ್ಣನಿಗೇ ಉಳಿಯಿತು ಎಂದು ಅವಳು ಉಸಿರು ಬಿಟ್ಟಳು.

ಭಾನುವಾರ ರಜೆ. ಅತ್ತಿಗೆ ಫೋನ್ ಮಾಡಿ ಬಾ ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಅತ್ತಿಗೆಯ ಫೋನು ಅಷ್ಟು ಚಿಕ್ಕದಾಗಿ ಮುಗಿದದ್ದೇ ಇಲ್ಲ. ಮೌನಿ ಬಸ್ಸಿಳಿದು ಓಡುತ್ತಲೇ ಮೆಟ್ಟಿಲು ಹತ್ತಿದಳು. ಅಣ್ಣ ಅಡುಗೆಮನೆಯ ಮೇಜಿನ ಮುಂದೆ ಸಮವಸ್ತ್ರದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದರ ಎದೆಯ ಬಿಲ್ಲೆ ಕಿತ್ತಿತ್ತು.

"ಕೆಲಸದಿಂದ ನಿಲ್ಲಿಸಿದ್ರು ಪಾಪು" ಎಂದ. ಇಷ್ಟು ದೊಡ್ಡವಳಾದರೂ ಅವನಿಗೆ ಅವಳು ಪಾಪುವೇ. "ನಿನ್ನೆ ಠಾಣೆಗೆ ಕರೆಸಿ ಬೆಳಿಗ್ಗೆಯಿಂದ ಸಂಜೆವರೆಗೂ ಕೂರಿಸಿದ್ರು. ನಾಡಿದ್ದು ಮತ್ತೆ ಬರಬೇಕಂತೆ, ವಕೀಲರಿದ್ರೆ ಕರ್ಕೊಂಡು ಬಾ ಅಂದ್ರು."

"ಯಾಕಂತೆ?"

"ನಾನು ಆಡಿದ್ದನ್ನೇ ನನಗೆ ಓದಿ ಹೇಳಿದ್ರು. ಕ್ಯಾಮೆರಾ ಬಿಚ್ಚಿದ ಮೇಲೇನೇ ಕೀಲಿ ತಿರುಗಿಸೋದು. ಅಕ್ಷರ ಬಿಡದೆ. ನಾನು ಆ ಮಾತನ್ನ ಆಡಿದ್ದು ಒಂದೇ ಸಲ, ಇದೇ ಮೇಜಿನ ಮುಂದೆ. ಫೋನುಗಳನ್ನ ಬಟ್ಟೆ ಒಗೆಯೋ ಮಿಶಿನ್ನೊಳಗೆ ಹಾಕಿ ಬಾಗಿಲು ಮುಚ್ಚಿ ಬಂದಿದ್ವಿ. ಅಷ್ಟು ಹುಷಾರಾಗಿದ್ವಿ. ಇಲ್ಲಿ ಇದ್ದದ್ದು ನಾನು, ನಿನ್ನ ಅತ್ತಿಗೆ, ಮೀಸೆ. ನಾನು ಹೇಳಿಲ್ಲ. ಇವಳು ಮನೆ ಬಿಟ್ಟು ಕದಲಿಲ್ಲ. ಇನ್ನು ಉಳಿದವನು ಯಾರು?"

ಮೀಸೆ ಎಂದರೆ ಅಣ್ಣನ ಬಸ್ಸಿನ ಕಂಡಕ್ಟರ್. ಮೀಸೆ ಬೋಳಿಸಿ ವರ್ಷಗಳಾದರೂ ಹೆಸರು ಹೋಗಿರಲಿಲ್ಲ. ಒಂದೇ ಬಸ್ಸಿನಲ್ಲಿ ಇಬ್ಬರ ತಲೆಯೂ ನರೆತಿತ್ತು. ಅಣ್ಣನಿಗೆ ಕಾಮಾಲೆಯಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದವನು ಅವನು.

"ಮೆಟ್ಟಿಲ ಮೇಲೆ ಬಂದು ನಿಂತಿದ್ದ ಕಣೇ" ಎಂದಳು ಅತ್ತಿಗೆ ಒಲೆಯ ಕಡೆಯಿಂದ. "ಇವರು ಬಾಗಿಲು ತೆಗೀಲಿಲ್ಲ. ಒಂದು ಮಾತು ಕೇಳೋ, ಒಂದೇ ಮಾತು ಅಂದ. ಆಮೇಲೆ ಸದ್ದಿಲ್ಲ. ನಾನು ಇಣುಕಿ ನೋಡಿದ್ರೆ ಗೋಡೆ ಕಡೆ ಮುಖ ಮಾಡಿಕೊಂಡು ನಿಂತಿದ್ದ."

"ನಾಟಕ."

"ಸುಮ್ನಿರ್ರೀ. ಅವನಿಗೆ ನಾಟಕ ಬರೋ ಹಾಗಿದ್ರೆ ಕಂಡಕ್ಟರ್ ಯಾಕೆ ಆಗ್ತಿದ್ದ?"

ಅಣ್ಣ ಲೋಟದ ಅಂಚಿಗೆ ಬೆರಳು ಬಡಿದ. ಟಿಣ್ ಟಿಣ್. "ನಾಳೆ ಬಸ್ಸು ನಿಲ್ಲಿಸೋದಂತೂ ಆಗಲ್ಲ, ಎಲ್ಲರೂ ಹೆದರಿದ್ದಾರೆ. ನಾಳೆ ಸಂಜೆ ಯೂನಿಯನ್ ಸಭೆ ಇದೆ. ಎಲ್ಲರ ಮುಂದೆ ಎದ್ದು ನಿಂತು ಅವನ ಹೆಸರು ಹೇಳ್ತೀನಿ. ಆಮೇಲೆ ಯಾವ ಬಸ್ಸಿನಲ್ಲಿ ಯಾವ ಚಾಲಕ ಅವನನ್ನ ಹತ್ತಿಸಿಕೊಳ್ತಾನೆ ನೋಡೋಣ."

ಮೌನಿಯ ಕಣ್ಣು ಕಪಾಟಿನ ಮೇಲೆ ಹೋಯಿತು. ಡಬ್ಬಿಯ ನೆತ್ತಿಯಲ್ಲಿ ಸಣ್ಣ ಹಸಿರು ಬೆಳಕು ಉರಿಯುತ್ತಿತ್ತು. ಆಫೀಸಿನಲ್ಲಿ ಕೇಳಿದ್ದು ಇವಳ ಕಿವಿಗೆ ಮಾತ್ರ ಬಂದದ್ದಲ್ಲವೇ? ಇವಳು ಕೇಳುವುದನ್ನೂ ನಿಲ್ಲಿಸಿದ್ದಳು. ಮತ್ತೆ ಅದು ಅಣ್ಣನದೆಂದು ಠಾಣೆಯವರಿಗೆ ಹೇಗೆ ಗೊತ್ತಾಯಿತು? ಅವಳು ಎದ್ದು ಹೊರಟಳು. ಬಾಗಿಲಲ್ಲಿ ಅತ್ತಿಗೆ, "ಮುಖ ಯಾಕೆ ಹಾಗಾಗಿದೆ ನಿಂದು?" ಎನ್ನುವಾಗ ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಮಾರನೆ ದಿನ ಚಹಾದ ಬಿಡುವಿನಲ್ಲಿ ರೇಡಿಯೊವನ್ನು ಕೈತೊಳೆಯುವ ತೊಟ್ಟಿಯ ಹತ್ತಿರ ಕರೆದು ಎಲ್ಲವನ್ನೂ ಹೇಳಿದಳು. ಯಾರ ಹತ್ತಿರವೂ ಇಷ್ಟು ಮಾತಾಡಿದವಳಲ್ಲ. ರೇಡಿಯೊ ನಡುವೆ ಒಂದೇ ಒಂದು ಸಲವೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಲ್ಲಿ ತಿರುಗಿಸಿ ನೀರು ಸುರಿಯಲು ಬಿಟ್ಟಳು.

"ಕುಟುಂಬದವರು ಅಂತ ಒತ್ತಿದೆಯಾ?"

"ಹೂಂ."

"ನಿನಗೆ ಇರೋದು ಒಬ್ಬನೇ ಅಣ್ಣ."

"ಹೂಂ."

"ನೋಡು ಮೌನಿ. ದನಿ ಕೊಡ್ತೀವಿ, ಹೆಸರು ಕೊಡಲ್ಲ ಅಂತ ಕಂಪನಿ ಊರೆಲ್ಲ ಜಾಹೀರಾತು ಹಾಕಿದೆ. ಆ ಮಾತು ಉಳಿಸಿಕೊಂಡಿದೆ ಕೂಡ. ಸರಕಾರದವರು ಕೇಳಿದಾಗ ಹೆಸರು, ವಿಳಾಸ ಎಲ್ಲ ಅಳಿಸಿಯೇ ಕೊಡ್ತಾರೆ. ಹೆಸರು ಕೊಟ್ಟಿದ್ದು ಕಂಪನಿ ಅಲ್ಲ. ನೀನು. ಕುಟುಂಬದವರು ಅಂದ ಮೇಲೆ ಬಸ್ ಓಡಿಸೋ ಅಣ್ಣನ್ನ ಹುಡುಕೋಕೆ ಎಷ್ಟು ಹೊತ್ತು? ಆ ಗುಂಡಿ ಇರೋದೇ ಅದಕ್ಕೆ. ಈ ಮಹಡೀಲಿ ಕೂತಿರೋರಿಗೆಲ್ಲ ಅಣ್ಣಂದಿರಿದ್ದಾರೆ, ಮಾವಂದಿರಿದ್ದಾರೆ, ಎದುರು ಮನೆಯವರಿದ್ದಾರೆ. ಊರಿಗೆ ಊರೇ ಇದೆ ಇಲ್ಲಿ."

ಮೌನಿ ತೊಟ್ಟಿಯ ಅಂಚು ಹಿಡಿದುಕೊಂಡಳು.

"ನಮ್ಮ ಮಾವನ ಗೊರಕೆ ಬಂದಿತ್ತು ಒಂದು ಸಲ" ಎಂದಳು ರೇಡಿಯೊ, ನಗಿಸಲೆಂದೋ ಏನೋ. "ಗುರುತು ಹಿಡಿದೆ. ಆದ್ರೂ ಕೇಳಿಸುವುದಿಲ್ಲ ಅಂತ ಒತ್ತಿದೆ. ಅದನ್ನ ಒತ್ತಿದ್ರೆ ತುಣುಕು ಅಳಿಸಿ ಹೋಗುತ್ತೆ. ಅಷ್ಟೊಂದು ಸಲ ಯಾಕೆ ಒತ್ತುತ್ತೀನಿ ಅಂದ್ಕೊಂಡೆ? ಸೋಮಾರಿ ಅಂತ ತಾನೇ?"

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕಣ್ಣು ಮುಚ್ಚಿ ಕೂರ್ತಿದ್ದೆಯಲ್ಲೇ. ದೇವರು ಹೇಳಿರ್ತಾನೆ ಅಂದ್ಕೊಂಡೆ." ಹೇಳಿದ ಮೇಲೆ ಅವಳಿಗೇ ಕೆಡುಕೆನಿಸಿತು. ಒದ್ದೆ ಕೈಯಲ್ಲೇ ಮೌನಿಯ ಮೊಣಕೈ ಹಿಡಿದಳು. "ಹೆದರಿಕೆ ಕಣೇ. ನಿನಗೆ ಹೇಳಿದ್ರೆ ನೀನು ಮೇಡಂ ಹತ್ರ ಹೋಗಿ ನಿಜಾನಾ ಅಂತ ಕೇಳ್ತೀಯ ಅಂತ ಹೆದರಿಕೆ."

ಮೌನಿ ಹಾಗೇ ಮಾಡಿದಳು. ನೇರ ಮೇಡಂ ಕೋಣೆಗೆ ಹೋಗಿ ನಿಂತಳು.

ಮೇಡಂ ಕೆಟ್ಟವರಲ್ಲ. ಹುಷಾರಿಲ್ಲ ಎಂದರೆ ಮನೆಗೆ ಕಳಿಸುತ್ತಿದ್ದರು, ಮೇಜಿನ ಮೇಲೆ ಸಣ್ಣ ಗಿಡಕ್ಕೆ ಅವರೇ ನೀರು ಹಾಕುತ್ತಿದ್ದರು. ಈಗಲೂ ಎದ್ದು ಕುರ್ಚಿ ಸರಿಸಿ ಕೂರಿಸಿದರು. "ನಿಮ್ಮ ಬಗ್ಗೆ ಮೇಲಿನವರು ಮೆಚ್ಚಿ ಬರೆದಿದ್ದಾರೆ. ಆ ಗುಂಡಿ ಒತ್ತೋರೇ ಕಡಿಮೆ."

"ಮೇಡಂ, ನನ್ನ ಅಣ್ಣನ್ನ ಠಾಣೆಗೆ ಕರೆಸಿದ್ದಾರೆ."

ಮೇಡಂ ಗಿಡದ ಒಣಗಿದ ಎಲೆಯೊಂದನ್ನು ಚಿವುಟಿದರು. "ಕೇಳೋದಷ್ಟೇ ನಮ್ಮ ಕೆಲಸ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ, ಏನಾಗುತ್ತೆ, ನನಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋಕೆ ಹೋಗಿಲ್ಲ. ನೀವೂ ಹೋಗಬೇಡಿ."

"ಕರೆಯದೆ ಇದ್ದಾಗಲೂ ಡಬ್ಬಿ ಕೇಳಿಸಿಕೊಳ್ಳುತ್ತಾ?"

ಮೇಡಂ ಚಿವುಟಿದ ಎಲೆಯನ್ನು ಕಸದ ಬುಟ್ಟಿಗೆ ಹಾಕಿದರು. "ಸೇರುವಾಗ ಸಹಿ ಮಾಡಿದ್ದೀರಿ, ನೆನಪಿದೆಯಾ? ಇಲ್ಲಿನ ಮಾತು ಹೊರಗೆ ಹೋದ್ರೆ ಕೆಲಸ ಹೋಗೋದಷ್ಟೇ ಅಲ್ಲ, ಕೋರ್ಟು ಕಚೇರಿ ಅಂತ ಅಲೀಬೇಕಾಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ ನಾನು." ಅವರ ದನಿಯಲ್ಲಿ ನಿಜಕ್ಕೂ ಕಾಳಜಿಯಿತ್ತು. ಮೌನಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು.

ತನ್ನ ಮೇಜಿಗೆ ಬಂದು ಹೆಡ್‌ಫೋನನ್ನು ಕೈಗೆ ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ಕೇಳಿದ್ದು ನಾಲಿಗೆಗೆ ಇಳಿಯದಿರಲಿ. ದಿನವೂ ಇದನ್ನೇ ಬೇಡಿಕೊಂಡಿದ್ದಳು. ಕಂಪನಿಯವರು ಸಹಿ ಹಾಕಿಸಿಕೊಂಡದ್ದೂ ಇದಕ್ಕೇ. ಹಾಗಾದರೆ ಇಷ್ಟು ಕಾಲ ತಾನು ದೇವರ ಮುಂದೆ ನಿಂತು ಯಾರ ಪರವಾಗಿ ಬೇಡಿದ್ದು? ಅಜ್ಜ ಅಂದ ಮಾನ ಎಂಬುದು ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ನಿಂತ ಮನುಷ್ಯನದ್ದಾಗಿ ಕಾಣಿಸಿತು. ಇನ್ನು ಸ್ವಲ್ಪ ಹೊತ್ತಿಗೆ ಅಣ್ಣ ಸಭೆಗೆ ಹೊರಡುತ್ತಾನೆ. ಅವಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡಳು.

"ಎಲ್ಲಿಗೇ?" ಎಂದಳು ರೇಡಿಯೊ.

"ಹುಷಾರಿಲ್ಲ."

ಅದು ಅವಳ ಬಾಯಿಂದ ಬಂದ ಸುಳ್ಳಾಗಿರಲಿಲ್ಲ.

ಅಣ್ಣ ತಲೆ ಬಾಚಿಕೊಂಡು ಹೊರಡಲು ಸಿದ್ಧನಾಗಿದ್ದ. ಅತ್ತಿಗೆ ಅವನ ಅಂಗಿಯ ಕಾಲರು ಸರಿಮಾಡುತ್ತಿದ್ದಳು.

"ಅಣ್ಣ, ಒಂದು ನಿಮಿಷ ಹೊರಗೆ ಬಾ. ರಸ್ತೆಯಲ್ಲಿ ಮಾತಾಡೋಣ."

"ಹೊತ್ತಾಗಿದೆ ಪಾಪು. ಏನಿದ್ರೂ ಇಲ್ಲೇ ಹೇಳು. ನಮ್ಮ ಮನೇಲಿ ನಮಗೇನು ಭಯ?"

ಅವಳು ಕಪಾಟಿನ ಕಡೆ ನೋಡಿದಳು. ಹಸಿರು ಬೆಳಕು ಉರಿಯುತ್ತಲೇ ಇತ್ತು. ತಂತಿ ಕಿತ್ತರೆ ಒಳಗಿನ ಬ್ಯಾಟರಿ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಎತ್ತಿ ಬಚ್ಚಲಿಗೆ ಎಸೆಯಬಹುದಿತ್ತು. ಒರಸುವ ಬಟ್ಟೆಯಲ್ಲಿ ಸುತ್ತಬಹುದಿತ್ತು. ಅಣ್ಣ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಅವಳು ಮೇಜಿನ ಅಂಚು ಹಿಡಿದು ನೆಟ್ಟಗೆ ನಿಂತಳು. ಅಜ್ಜ ಪದ್ಯಕ್ಕೆ ಮೊದಲು ಹೀಗೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

"ಹಾಗಾದ್ರೆ ಇಲ್ಲೇ ಹೇಳ್ತೀನಿ, ಪೂರ್ತಿ ಕೇಳು. ಮೀಸೆ ಅಣ್ಣ ಯಾರಿಗೂ ಏನೂ ಹೇಳಿಲ್ಲ. ನೀವು ಮಾತಾಡಿದ್ದನ್ನ ಈ ಡಬ್ಬಿ ಕೇಳಿಸಿಕೊಂಡಿದೆ. ಯಾರೂ ಕರೆಯದೆ ಇದ್ದಾಗ ಕೇಳಿಸಿಕೊಂಡಿದೆ. ಅದು ನಮ್ಮ ಕಂಪನಿಗೆ ಬಂತು. ನನ್ನ ಕಿವಿಗೇ ಬಂತು. ಯಾರ ದನಿ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಿರೋ ದನಿ ಅಂತ ನಾನು ಗುಂಡಿ ಒತ್ತಿದೆ. ನಮ್ಮ ಮನೆಯವರು ಅಂತ ಹೇಳಿದೆ. ಡಬ್ಬಿ ತಂದಿಟ್ಟವಳೂ ನಾನೇ."

ಅವಳು ಒಂದೊಂದು ಮಾತನ್ನೂ ಬಿಡಿಸಿ, ಒತ್ತು ಕೊಟ್ಟು, ಸಾಲಿನ ಕೊನೆಯಲ್ಲಿ ಉಸಿರು ನಿಲ್ಲಿಸಿ ಹೇಳಿದಳು. ನಾಳೆ ಈ ತುಣುಕು ಯಾರ ಪರದೆಗೆ ಬಂದರೂ ಒಂದಕ್ಷರ ತಿದ್ದುವ ಕೆಲಸ ಉಳಿಯಬಾರದು, ಯಂತ್ರಕ್ಕೂ ಎಲ್ಲೂ ತೊಡಕಬಾರದು, ಹಾಗೆ.

ನಲ್ಲಿ ತೊಟ್ಟಿಕ್ಕಿತು. ಅಣ್ಣ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದು ಬರಿಗಾಲಿನಲ್ಲಿ ಹಾಗೇ ನಿಂತಿದ್ದ. ಮೊದಲು ಡಬ್ಬಿಯನ್ನು ನೋಡಿದ. ಆಮೇಲೆ ತಂಗಿಯನ್ನು ನೋಡಿದ. ಬೈಯುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಆಗುತ್ತಿತ್ತು.

"ಅವನಿಗೆ ಬಾಗಿಲು ತೆಗೀಲಿಲ್ಲ ನಾನು" ಎಂದ, ಯಾರಿಗೋ ಹೇಳುವಂತೆ. ಇನ್ನೊಂದು ಚಪ್ಪಲಿ ಹಾಕಿಕೊಂಡ.

"ಸಭೆಗಾ?" ಎಂದಳು ಅತ್ತಿಗೆ.

"ಅವನ ಮನೆಗೆ."

ತಂಗಿಯ ಪಕ್ಕದಲ್ಲೇ ಹಾದು ಹೋದ. ಯಾವಾಗಲೂ ತಲೆಗೊಂದು ಮೊಟಕಿ ಹೋಗುವವನು ಇವತ್ತು ಅಂಗಿ ತಾಗದ ಹಾಗೆ ಮೈ ಸರಿಸಿಕೊಂಡು ಹೋದ. ಮೆಟ್ಟಿಲಿಳಿಯುವ ಸದ್ದನ್ನು ಮೌನಿ ಕೊನೆಯ ಮೆಟ್ಟಿಲ ತನಕ ಕೇಳಿದಳು. ಆಚೆ ಬೀದಿಯ ಗದ್ದಲದಲ್ಲಿ ಅದು ಕಳೆದುಹೋಯಿತು.

ಅತ್ತಿಗೆ ಒಲೆ ಆರಿಸಿದಳು. ಕಪಾಟಿನ ಹತ್ತಿರ ಹೋಗಿ, ಮುಟ್ಟಲು ಕೈ ಚಾಚಿ, ಹಿಂದಕ್ಕೆ ತೆಗೆದಳು. ಮೌನಿಯ ಕಡೆ ತಿರುಗಿ ಏನೋ ಹೇಳಿದಳು. ದನಿ ಬರಲಿಲ್ಲ.

"ಏನತ್ತಿಗೆ?"

ಆ ಹೆಂಗಸು ಮದುವೆಯಾಗಿ ಬಂದ ದಿನದಿಂದ ಮೂರನೇ ಮನೆಗೆ ಕೇಳುವ ಹಾಗೆ ಮಾತಾಡಿದವಳು. ಮಾತಾಡಲು ಶುರು ಮಾಡಿದರೆ ಅಜ್ಜ ಪದ್ಯ ನಿಲ್ಲಿಸಿ, ನಿನ್ನದಾಗಲಿ ತಾಯಿ, ಎಂದು ಕೈಮುಗಿಯುತ್ತಿದ್ದರು. ಈಗ ಅವಳ ತುಟಿ ಮಾತ್ರ ಅಲುಗುತ್ತಿತ್ತು.

"ಜೋರಾಗೇ ಹೇಳಿ ಅತ್ತಿಗೆ. ಹೇಳೋದು ಮುಗಿದಿದೆ, ಇನ್ನೇನಿದೆ?"

ಅತ್ತಿಗೆ ತಲೆಯಾಡಿಸಿದಳು, ಕಣ್ಣು ಡಬ್ಬಿಯ ಮೇಲೆಯೇ ಇತ್ತು. ಮತ್ತೆ ತುಟಿ ಅಲುಗಿಸಿದಳು. ಊಟ ಮಾಡಿಕೊಂಡು ಹೋಗು ಎಂದಿರಬಹುದು. ಇನ್ನು ಬರಬೇಡ ಎಂದಿರಬಹುದು. ಯಾರ ಬಾಯಿಂದ ಜಾರಿದ ಅಕ್ಷರವನ್ನೂ ಬಿಡದೆ ಹಿಡಿಯುತ್ತಿದ್ದ ಮೌನಿ ಎರಡು ಹೆಜ್ಜೆ ಹತ್ತಿರ ಹೋಗಿ, ಆ ಮುಖವನ್ನೇ ನೋಡುತ್ತ ನಿಂತಳು. ಏನೂ ಕೇಳಿಸಲಿಲ್ಲ.